ಕಣಿವೆಯ ಮೇಲುಭಾಗದಿಂದ ಬಂದವಳು: ನಾರ್ವೆಯ ದಾಖಲೆಗಳಲ್ಲಿ ಒಬ್ಬ ಮುತ್ತಜ್ಜಿಯ ಹುಡುಕಾಟ

ನನ್ನ ಗಂಡನ ಮನೆಯವರು ನಾರ್ವೆಯ ಗುಡ್‌ಬ್ರಾನ್ಸ್‌ಡಾಲೆನ್ ಕಣಿವೆಯ ಓಯರ್ ಎಂಬ ಊರಿನ ಕಡೆಯವರು. ಅತ್ತೆಯವರ ಮುತ್ತಜ್ಜಿಯ ವಿಷಯದಲ್ಲಿ ಮನೆಯಲ್ಲಿ ಉಳಿದಿದ್ದದ್ದು ಅವಳ ಹೆಸರು ಮತ್ತು ‘ಕಣಿವೆಯ ಮೇಲುಭಾಗದಿಂದ ಬಂದವಳು’ ಎಂಬ ಒಂದು ಮಾತು ಮಾತ್ರ. ದೀಕ್ಷಾಸ್ನಾನ, ಮದುವೆ ಮುಂತಾದವನ್ನು ಪಾದ್ರಿಗಳು ಬರೆದಿಡುತ್ತಿದ್ದ ಚರ್ಚ್ ಪುಸ್ತಕಗಳ ಪುಟಗಳನ್ನೂ 1801, 1865, 1875, 1900, 1910 ಮತ್ತು 1920ರ ಜನಗಣತಿಗಳನ್ನೂ ಅಲ್ಲಿನ ರಾಷ್ಟ್ರೀಯ ಪತ್ರಾಗಾರವು ಡಿಜಿಟಾಲ್‌ಆರ್ಕಿವೆಟ್ ಎಂಬ ತನ್ನ ಜಾಲತಾಣದಲ್ಲಿ ಉಚಿತವಾಗಿ ತೆರೆದಿಟ್ಟಿರುವುದರಿಂದ ದಾಖಲೆಗಳಿಗೆ ಕೊರತೆಯಿರಲಿಲ್ಲ. ತೊಡಕಿದ್ದದ್ದು ಹೆಸರಿನಲ್ಲಿ.

ಸ್ಥಿರವಾದ ಮನೆತನದ ಹೆಸರು ಇರಬೇಕೆಂಬ ಕಾನೂನು ನಾರ್ವೆಯಲ್ಲಿ ಬಂದದ್ದು 1923ರಲ್ಲಿ. ಅದಕ್ಕೂ ಮೊದಲು ಹಳ್ಳಿಗಾಡಿನಲ್ಲಿ ಓಲೆ ಎಂಬವನ ಮಗ ಓಲ್ಸೆನ್, ಮಗಳು ಓಲ್ಸ್‌ದಾತ್ತರ್. ಅದರ ಮುಂದೆ ವಾಸವಿರುವ ಫಾರ್ಮಿನ ಹೆಸರು. ಊರಿನ ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವ ನಮಗೆ ಇದು ಅಪರಿಚಿತವಲ್ಲ. ಆದರೆ ನಮ್ಮ ಊರಿನ ಅಕ್ಷರ ನಾವು ಎಲ್ಲಿಗೆ ಹೋದರೂ ಜೊತೆಗಿರುತ್ತದೆ, ಅವರ ಫಾರ್ಮಿನ ಹೆಸರಾದರೋ ವಾಸ ಬದಲಾದ ಕೂಡಲೇ ಬದಲಾಗುತ್ತಿತ್ತು. ಆದ್ದರಿಂದ ಹೆಸರಿನಿಂದ ಹುಡುಕುವುದನ್ನು ಬಿಟ್ಟು, ಅವಳು ಖಚಿತವಾಗಿ ಇದ್ದ ಫಾರ್ಮಿನಿಂದ ಹಿಂದಕ್ಕೆ ಹೋಗುವುದೆಂದು ನಿರ್ಧರಿಸಿದೆ.

1900ರ ಗಣತಿಯಲ್ಲಿ ಅವಳು ಮಗನ ಫಾರ್ಮಿನಲ್ಲಿರುವ ವಿಧವೆ. ಹುಟ್ಟಿದ ವರ್ಷ 1834, ಹುಟ್ಟಿದ ಸ್ಥಳ ರಿಂಗೆಬು. ಓಯರ್‌ನಿಂದ ಉತ್ತರಕ್ಕೆ, ಅಂದರೆ ಕಣಿವೆಯ ಮೇಲಕ್ಕೆ, ಪಕ್ಕದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಅದು. 1875ರ ಗಣತಿ ಹುಟ್ಟಿದ ವರ್ಷವನ್ನು 1830 ಎನ್ನುತ್ತದೆ. 1865ರಲ್ಲಿ ವರ್ಷದ ಬದಲು ವಯಸ್ಸು ಬರೆದಿದ್ದಾರೆ, 34 ಎಂದು. ಆ ಗಣತಿಯಲ್ಲಿ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ವಯಸ್ಸು ಬರೆಯಬೇಕಿತ್ತು, ಎಣಿಕೆಯ ದಿನ ಡಿಸೆಂಬರ್ 31. ಹಾಗಾಗಿ ತುಂಬಿದ್ದು 33, ಹುಟ್ಟಿದ್ದು 1832. ಮೂರರಲ್ಲಿ ಇದನ್ನೇ ನಾನು ಹೆಚ್ಚು ನಂಬಿದೆ, ಏಕೆಂದರೆ ಹೇಳುವವರಿಗೆ ವಯಸ್ಸು ಕಡಿಮೆಯಿದ್ದಷ್ಟೂ ಲೆಕ್ಕ ತಪ್ಪುವುದು ಕಡಿಮೆ.

ಆದರೆ ರಿಂಗೆಬುವಿನ ದೀಕ್ಷಾಸ್ನಾನದ ಪುಟಗಳಲ್ಲಿ ಆ ವರ್ಷದ ಆಸುಪಾಸಿನಲ್ಲಿ ಆ ಹೆಸರಿನ, ಆ ತಂದೆಯ ಮಗಳು ಯಾರೂ ಇರಲಿಲ್ಲ. ಇಂಥ ಸಂದರ್ಭದಲ್ಲಿ ಬಹಳ ಮಂದಿ ವರ್ಷಗಳನ್ನು ಹಿಂದೆ ಮುಂದೆ ಸರಿಸುತ್ತ ಅದೇ ಪುಟಗಳಲ್ಲಿ ಅಲೆಯುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೃಢೀಕರಣದ, ಅಂದರೆ ಹರೆಯದವರು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ದೃಢಪಡಿಸುವ ವಿಧಿಯ (ಕನ್ಫರ್ಮೇಶನ್) ಪುಟಗಳಿಗೆ ಹೋಗುವುದು ಲೇಸು. ನಾರ್ವೆಯಲ್ಲಿ 1736ರಿಂದ ದೃಢೀಕರಣ ಕಡ್ಡಾಯವಾಗಿತ್ತು. ಹದಿನೈದರ ಸುಮಾರಿಗೆ ಪ್ರತಿಯೊಬ್ಬರೂ ಪಾದ್ರಿಯ ಮುಂದೆ ನಿಲ್ಲಲೇಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಅಚ್ಚಿನ ನಮೂನೆಯಲ್ಲಿ ವಾಸಸ್ಥಳ, ತಂದೆತಾಯಿ, ಹುಟ್ಟಿದ ಅಥವಾ ದೀಕ್ಷಾಸ್ನಾನವಾದ ದಿನ, ಧರ್ಮಜ್ಞಾನದ ಬಗ್ಗೆ ಪಾದ್ರಿಯ ಅಭಿಪ್ರಾಯ, ಸಿಡುಬಿನ ಲಸಿಕೆ ಹಾಕಿಸಿದ ವಿವರ, ಎಲ್ಲಕ್ಕೂ ಅಂಕಣಗಳಿವೆ.

1847ರ ಪಟ್ಟಿಯಲ್ಲಿ ಅವಳು ಸಿಕ್ಕಳು. ಆ ಕಾಲದ ಗಾಥಿಕ್ ಎಂಬ ಹಳೆಯ ಕೈಬರಹದಲ್ಲಿ ಇ, ಎನ್, ಆರ್ ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ, ಯು ಅಕ್ಷರವನ್ನು ತಲೆಯ ಮೇಲಿನ ಕೊಂಕಿನಿಂದಲೇ ಗುರುತಿಸಬೇಕು. ಅದೇ ಪಾದ್ರಿ ಬರೆದ ಪರಿಚಿತ ಫಾರ್ಮ್ ಹೆಸರುಗಳನ್ನು ಪಕ್ಕದಲ್ಲಿಟ್ಟುಕೊಂಡು ಆ ಸಾಲನ್ನು ಅಕ್ಷರ ಅಕ್ಷರವಾಗಿ ಬಿಡಿಸಿದೆ. ಓಯರ್‌ನ ಮದುವೆಯ ದಾಖಲೆಯಲ್ಲಿ ತಂದೆಯೆಂದು ಬರೆದಿದ್ದ ವ್ಯಕ್ತಿಯನ್ನು ಇಲ್ಲಿ ಮಲತಂದೆ ಎಂದು ನಮೂದಿಸಿದ್ದರು. ಅವಳು ಜೀವಮಾನವಿಡೀ ಹೊತ್ತ ಪಿತೃನಾಮ ಸಾಕಿದವನದು. ಜೊತೆಗೆ ದೀಕ್ಷಾಸ್ನಾನದ ತಾರೀಖೂ ಇತ್ತು. ಆ ತಾರೀಖಿಗೆ ಹೋದರೆ ಹೆಣ್ಣುಮಕ್ಕಳ ಪಟ್ಟಿಯಲ್ಲಿ ಆ ಹೆಸರಿನವಳು ಒಬ್ಬಳೇ: ವಿವಾಹಬಾಹಿರ ಜನನ, ತಾಯಿ ಒಂದು ಫಾರ್ಮಿನ ಕೆಲಸದಾಕೆ, ತಂದೆಯೆಂದು ಹೇಳಲಾದವನು ಬೇರೊಂದು ಫಾರ್ಮಿನವನು.

ಹೆಸರೂ ತಾರೀಖೂ ಹೊಂದಿದರೂ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತವರ ಹೆಸರುಗಳನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ; ಅಲ್ಲಿ ತಾಯಿಯ ಅಣ್ಣನಿದ್ದ, ಹದಿನೈದು ವರ್ಷಗಳ ಬಳಿಕ ಹುಡುಗಿ ದೃಢೀಕರಣಕ್ಕೆ ಬಂದದ್ದು ಅವನ ಫಾರ್ಮಿನಿಂದಲೇ. ಪಾದ್ರಿಯ ಪುಸ್ತಕದಲ್ಲಿ ಶಾಯಿ ಹರಡಿ ಓದಲಾಗದ ಒಂದು ಪದಕ್ಕಾಗಿ ಚರ್ಚಿನ ಗುಮಾಸ್ತನ ಪ್ರತಿಯನ್ನು ನೋಡಿದೆ. 1812ರ ಆದೇಶದ ನಂತರ ಹೀಗೆ ಎರಡನೆಯ ಪ್ರತಿ ಇಡುವ ಪದ್ಧತಿ ಬಂದಿರುವುದು ನಮ್ಮಂಥವರ ಭಾಗ್ಯ.

ತಾಯಿಯ ಕಡೆಯ ದಾರಿ ಸುಲಭವಾಗಿತ್ತು. 1801ರ ಗಣತಿ ದೇಶದ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಎಣಿಸಿತ್ತು. ಅದರಲ್ಲಿ ತಾಯಿ ಮೂರನೆಯ ವರ್ಷ ನಡೆಯುತ್ತಿರುವ ಮಗು, ಅದೇ ಅಣ್ಣನೊಂದಿಗೆ, ಅಪ್ಪ ಅಮ್ಮನ ಮನೆಯಲ್ಲಿ. ತಂದೆಯ ವಿಷಯ ಬೇರೆ. ಪುಸ್ತಕದಲ್ಲಿರುವುದು ತಾಯಿ ಹೇಳಿದ ಹೆಸರು. ಅವನು ಒಪ್ಪಿಕೊಂಡ ಬಗ್ಗೆ ನನಗೆ ಯಾವ ದಾಖಲೆಯೂ ಸಿಕ್ಕಿಲ್ಲ. ವಂಶಾವಳಿಯಲ್ಲಿ ಅವನ ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಅದನ್ನು ತೆಗೆದುಬಿಡಮ್ಮ ಎಂದು ಅತ್ತೆಯವರು ಹೇಳಿ ನೋಡಿದರು, ನಾನು ತೆಗೆದಿಲ್ಲ.