ಮಂಗಳವಾರ ಮಧ್ಯಾಹ್ನದ ಪಬ್

ಒಂಬತ್ತು ಗ್ಯಾಲನ್ನಿನ ಒಂದು ಪೀಪಾಯಿ 72 ಪೈಂಟ್ ಏಲ್ ಎಂಬ ಬಗೆಯ ಬಿಯರ್ ಹಿಡಿಯುತ್ತದೆ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಈ ಏಲ್ ಕಾರ್ಖಾನೆಯಲ್ಲಿ ಕಾಯಿಸಿ ಮುಚ್ಚಳ ಹಾಕಿದ ಬಿಯರ್ ಅಲ್ಲ, ಪೀಪಾಯಿಯೊಳಗೂ ಮೆಲ್ಲನೆ ಹುದುಗುತ್ತಲೇ ಇರುತ್ತದೆ. ಒಮ್ಮೆ ತೆರೆದು ಗಾಳಿ ಸೋಕಿತೆಂದರೆ ಮೂರು ದಿನದೊಳಗೆ ಮಾರಬೇಕು, ತಡವಾದರೆ ಹುಳಿ ಬರುತ್ತದೆ. ಶುಕ್ರವಾರ, ಶನಿವಾರಗಳಲ್ಲಿ ಈ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ. ಸೋಮವಾರ ತೆರೆದ ಪೀಪಾಯಿಯಲ್ಲಿ ಉಳಿದದ್ದನ್ನು ಗುರುವಾರ ಸಂಜೆ ಮೋರಿಗೆ ಸುರಿಯುವಾಗ ನೆನಪಾಗುತ್ತದೆ. ಹಾಗೆ ಸುರಿದದ್ದನ್ನು ಖಾತೆ ಪುಸ್ತಕದಲ್ಲಿ ಬರೆಯುವವಳು ನಾನು. ಹಳ್ಳಿಯ ಜನರೇ ಸೇರಿ ಕೊಂಡುಕೊಂಡ ಪಬ್‌ಗೆ ನಾನು ಖಜಾಂಚಿ.

ನಮ್ಮ ಊರು ಇಂಗ್ಲೆಂಡಿನ ನಾರ್ತ್ ಯಾರ್ಕ್‌ಷೈರ್‌ನಲ್ಲಿದೆ, ಇನ್ನೂರು ಮನೆಗಳೂ ಇಲ್ಲ. ನನ್ನ ತವರು ಗದಗದ ಬಳಿ. ನಾನು ಮದ್ಯ ಕುಡಿಯುವವಳಲ್ಲ, ಇಷ್ಟು ವರ್ಷಗಳಲ್ಲಿ ನಮ್ಮದೇ ಏಲ್‌ನ ರುಚಿಯನ್ನೂ ನೋಡಿಲ್ಲ. ಹಾಗಾದರೆ ಪಬ್‌ನಲ್ಲಿ ನಿನಗೇನು ಕೆಲಸ ಎಂದು ತವರಿಗೆ ಹೋದಾಗಲೆಲ್ಲ ಕೇಳುತ್ತಾರೆ.

ಪಬ್ ಮುಚ್ಚಿದ ಆ ಚಳಿಗಾಲವನ್ನು ಕಂಡವರು ಹಾಗೆ ಕೇಳುವುದಿಲ್ಲ. ಅಂಗಡಿ ಮೊದಲೇ ಹೋಗಿತ್ತು, ಶಾಲೆಯೂ ಹೋಗಿತ್ತು. ಪಬ್‌ನ ಒಡೆತನವಿದ್ದ ಕಂಪನಿ ಬಾಗಿಲಿಗೆ ಹಲಗೆ ಹೊಡೆದು ಮಾರಾಟದ ಫಲಕ ನೆಟ್ಟಿತು. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ನಮ್ಮ ಕಡೆಯಂತೆ ಜಗಲಿಯ ಮೇಲೆ ಕುಳಿತು ದಾರಿಹೋಕರನ್ನು ಮಾತನಾಡಿಸುವ ಹವೆಯಲ್ಲ. ಡಾಮಿನೋ ಆಡುತ್ತಿದ್ದ ಹಿರಿಯರು ಮನೆಯೊಳಗೆ ಸೇರಿಕೊಂಡರು. ಒಬ್ಬರು ತೀರಿಕೊಂಡಾಗ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಚಹಾ ಕೊಡಲು ಒಂದು ಜಾಗವಿರಲಿಲ್ಲ, ಜನ ಮಳೆಯಲ್ಲಿ ಸಮಾಧಿಯ ಬಳಿಯಿಂದಲೇ ಚದುರಿಹೋದರು. ಅಂದು ನಾನು ಕಾರಿನಲ್ಲಿ ಕುಳಿತು ಬಹಳ ಹೊತ್ತು ಅತ್ತೆ. ಪಬ್ ಉಳಿಸಲು ಊರವರು ಸೇರಿದ ಮರುವಾರದ ಸಭೆಗೆ ಹೋದೆ.

ಕಾನೂನಿನ ದಾರಿಯಿತ್ತು. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಸ್ಥಳೀಯ ಮತದಾರರು 21 ಮಂದಿ ಸೇರಿ ಒಂದು ಕಟ್ಟಡವನ್ನು ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ ಎಂದು ಪಟ್ಟಿಮಾಡಲು ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಕೊಡಬಹುದಿತ್ತು. ಎಂಟು ವಾರದೊಳಗೆ ತೀರ್ಮಾನವಾಗುತ್ತಿತ್ತು. ಪಟ್ಟಿಗೆ ಸೇರಿದ ಮೇಲೆ ಮಾಲೀಕರು ಮಾರಲು ಹೊರಟರೆ, ನಾವೂ ಕೊಳ್ಳಬೇಕೆಂದಿದ್ದೇವೆ ಎಂದು ಆರು ವಾರದೊಳಗೆ ಬರೆದುಕೊಡಬೇಕಿತ್ತು. ಆಗ ಆರು ತಿಂಗಳು ಬೇರೆಯವರಿಗೆ ಮಾರುವಂತಿರಲಿಲ್ಲ. ಆದರೆ ಆ ಆರು ತಿಂಗಳ ಕೊನೆಯಲ್ಲಿ ನಮಗೇ ಮಾರಬೇಕೆಂಬ ಕಡ್ಡಾಯವೂ ಇರಲಿಲ್ಲ. ಇದನ್ನು ಬಹಳ ಜನ ತಪ್ಪು ತಿಳಿದುಕೊಂಡಿದ್ದರು. ಕಾಯ್ದೆ ಕೊಟ್ಟದ್ದು ಸಮಯವನ್ನು ಮಾತ್ರ, ಹಣವನ್ನೂ ಅಲ್ಲ, ಕಟ್ಟಡವನ್ನೂ ಅಲ್ಲ.

ಹಣಕ್ಕಾಗಿ ಸಮುದಾಯ ಷೇರುಗಳನ್ನು ಹೊರಡಿಸಿದೆವು. ಗ್ರಾಮೀಣ ಸಹಕಾರ ಉದ್ಯಮಗಳಿಗೆ ನೆರವಾಗುವ ಪ್ಲಂಕೆಟ್ ಸಂಸ್ಥೆಯ ಮಾದರಿ ನಿಯಮಾವಳಿ ಕೈಗೆ ಸಿಕ್ಕಿತ್ತು. ಈ ಷೇರುಗಳ ಬೆಲೆ ಎಂದೂ ಏರುವುದಿಲ್ಲ, ಇನ್ನೊಬ್ಬರಿಗೆ ಮಾರುವಂತಿಲ್ಲ. ಬೇಡವಾದಾಗ, ಸಂಘದ ಬಳಿ ಹಣವಿದ್ದರೆ, ಹಾಕಿದಷ್ಟನ್ನು ಹಿಂದಕ್ಕೆ ಪಡೆಯಬಹುದು. ಐವತ್ತು ಪೌಂಡ್ ಹಾಕಿದವರಿಗೂ ಒಂದೇ ಮತ, ಐವತ್ತು ಸಾವಿರ ಹಾಕಿದವರಿಗೂ ಒಂದೇ ಮತ.

ಸಮಿತಿಯಲ್ಲಿ ನಾನು ಮೊದಲ ಬಾರಿ ಗಟ್ಟಿಯಾಗಿ ಮಾತನಾಡಿದ್ದು ಕನಿಷ್ಠ ಮೊತ್ತದ ವಿಷಯಕ್ಕೆ. ಹೆಚ್ಚಿನವರು 250 ಪೌಂಡ್ ಇರಲಿ ಎಂದರು, ಬೇಗ ಹಣ ಕೂಡುತ್ತದೆ ಎಂಬುದು ಅವರ ವಾದ. ನಾನು 50 ಪೌಂಡ್ ಎಂದೆ, ಅದನ್ನೂ ಕಂತಿನಲ್ಲಿ ಕಟ್ಟಲು ಬಿಡಬೇಕು ಎಂದೆ. ನನ್ನ ತಾತ ಕೃಷಿ ಪತ್ತಿನ ಸಂಘದ ಸದಸ್ಯರಾಗಿದ್ದವರು. ಅವರ ಷೇರು ಪತ್ರ ಕಟ್ಟು ಹಾಕಿಸಿದ ದೇವರ ಪಟಗಳ ಸಾಲಿನಲ್ಲಿ ತೂಗುತ್ತಿತ್ತು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ಬೆಳೆದ ಅಭ್ಯಾಸ ಅದು. ಸಹಕಾರದ ಆ ತತ್ವ ಈ ಯಾರ್ಕ್‌ಷೈರ್‌ನ ಬೆಟ್ಟಸಾಲಿನಾಚೆಯ ರಾಚ್‌ಡೇಲ್‌ನಲ್ಲಿ 1844ರಲ್ಲಿ ಕೆಲವು ನೇಕಾರರೂ ಕುಶಲಕರ್ಮಿಗಳೂ ತೆರೆದ ಅಂಗಡಿಯಿಂದ ಹೊರಟದ್ದು. ಸಾಲದ ಷರತ್ತಿಗಾಗಿ ತಾತ ಆ ಸಂಘಕ್ಕೆ ಸೇರಿರಬಹುದು, ಆದರೆ ಸಭೆಯಲ್ಲಿ ದೊಡ್ಡ ಹಿಡುವಳಿಯ ಗೌಡರ ಪಕ್ಕದಲ್ಲೇ ಕೈ ಎತ್ತುವುದು ಅವರಿಗೆ ಎಷ್ಟು ದೊಡ್ಡದಾಗಿತ್ತು ಎಂದು ನಾನು ಕಂಡಿದ್ದೇನೆ. ಇದನ್ನೇ ಸಮಿತಿಗೆ ಹೇಳಿದೆ. 50 ಪೌಂಡ್ ಎಂದೇ ತೀರ್ಮಾನವಾಯಿತು.

ಕರಪತ್ರ ಹಂಚಿ ಕಾದೆವು, ಏನೂ ಆಗಲಿಲ್ಲ. ಮನೆಮನೆಗೆ ಹೋಗಿ ಅಡುಗೆಮನೆಯ ಮೇಜಿನ ಬಳಿ ಕುಳಿತಾಗ ಹಣ ಬಂತು. ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಈ ಹಣ ವಾಪಸು ಬರುತ್ತದೆಯೇ? ಬರದೇ ಹೋಗಬಹುದು, ಕಳೆದುಕೊಂಡರೂ ಸಹಿಸಬಹುದಾದಷ್ಟನ್ನೇ ಕೊಡಿ ಎಂದು ನೇರವಾಗಿ ಹೇಳುತ್ತಿದ್ದೆ. ಹಾಗೆ ಹೇಳಿದ್ದರಿಂದ ಯಾರೂ ಹಿಂಜರಿಯಲಿಲ್ಲ, ಕೆಲವರು ಅದಕ್ಕೇ ನಂಬಿದರು.

ಕೊಳ್ಳುವ ಮುನ್ನ ಹಡ್ಸ್‌ವೆಲ್‌ಗೆ ಹೋಗಿ ಬಂದದ್ದು ಬಹಳ ಉಪಯೋಗವಾಯಿತು. ರಿಚ್ಮಂಡ್ ಪಟ್ಟಣದ ಸಮೀಪದ ಆ ಹಳ್ಳಿಯ ಜಾರ್ಜ್ ಅಂಡ್ ಡ್ರ್ಯಾಗನ್ ಪಬ್ 2008ರಲ್ಲಿ ಮುಚ್ಚಿ, ಊರವರ ಒಡೆತನದಲ್ಲಿ 2010ರಲ್ಲಿ ಮತ್ತೆ ತೆರೆಯಿತು. 2016ರಲ್ಲಿ ಏಲ್ ಪ್ರಿಯರ ಸಂಘಟನೆಯಾದ ಕ್ಯಾಮ್ರಾದ ವರ್ಷದ ರಾಷ್ಟ್ರೀಯ ಪಬ್ ಪ್ರಶಸ್ತಿ ಪಡೆಯಿತು. ಅದಕ್ಕೂ ಮೊದಲೇ, 2003ರಲ್ಲಿ, ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಜನ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿಯಾಗಿ ಕೊಂಡು ದಾರಿ ತೋರಿಸಿದ್ದರು. ಹಡ್ಸ್‌ವೆಲ್‌ನಲ್ಲಿ ನನ್ನ ಕಣ್ಣು ನೆಟ್ಟದ್ದು ಪ್ರಶಸ್ತಿಯ ಮೇಲಲ್ಲ. ಆ ಪಬ್‌ನಲ್ಲಿ ಪುಟ್ಟ ಗ್ರಂಥಾಲಯವಿತ್ತು, ಚಿಕ್ಕ ಅಂಗಡಿಯಿತ್ತು, ಹಿಂಭಾಗದಲ್ಲಿ ಊರವರು ತರಕಾರಿ ಬೆಳೆಯುವ ತುಂಡು ಹೊಲಗಳಿದ್ದವು. ಕುಡಿಯಲು ಬಾರದವರಿಗೂ ಒಳಗೆ ಬರಲು ಕಾರಣವಿತ್ತು.

ಆದರೂ ನಾವು ಮೊದಲ ವರ್ಷ ತಪ್ಪು ಮಾಡಿದೆವು. ಸಂಬಳ ಉಳಿಸಲೆಂದು ಎಲ್ಲವನ್ನೂ ಸ್ವಯಂಸೇವಕರೇ ನಡೆಸಲು ಹೊರಟೆವು. ವಾರಕ್ಕೊಮ್ಮೆ ಏಲ್ ಹರಿಯುವ ಕೊಳವೆಗಳನ್ನು ತೊಳೆಯಬೇಕು, ನೆಲಮಾಳಿಗೆಯನ್ನು 11ರಿಂದ 13 ಡಿಗ್ರಿಯಲ್ಲಿ ಕಾಯಬೇಕು, ಪೀಪಾಯಿ ಬಂದ ಮೇಲೆ ಏಲ್ ತಿಳಿಯಾಗಲು ಬಿಡಬೇಕು. ಹಗಲೆಲ್ಲ ಬೇರೆ ಕೆಲಸ ಮಾಡಿ ಬಂದವರು ಇದನ್ನೆಲ್ಲ ಎಷ್ಟು ದಿನ ಮಾಡಿಯಾರು? ಎಂಟನೆಯ ತಿಂಗಳಿಗೆ ಸಮಿತಿಯವರು ಒಬ್ಬರ ಮೇಲೊಬ್ಬರು ರೇಗುತ್ತಿದ್ದರು. ಕಡೆಗೆ ಅನುಭವವುಳ್ಳ ದಂಪತಿಗೆ ಬಾಡಿಗೆಗೆ ಕೊಟ್ಟೆವು. ಅಡುಗೆ, ಏಲ್, ಪರವಾನಗಿ ಅವರದು. ಕಟ್ಟಡ, ಛಾವಣಿ ಮತ್ತು ಮಂಗಳವಾರ ನಮ್ಮದು.

ಮಂಗಳವಾರದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಪಬ್ ಉಳಿದದ್ದು ಆ ದಿನದಿಂದ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ದೊಡ್ಡ ಪಾತ್ರೆ ತರಕಾರಿ ಸೂಪ್, ಬ್ರೆಡ್. ಕೊಡಬಲ್ಲವರು ಡಬ್ಬಿಗೆ ಹಣ ಹಾಕುತ್ತಾರೆ, ಯಾರು ಎಷ್ಟು ಹಾಕಿದರೆಂದು ಯಾರೂ ನೋಡುವುದಿಲ್ಲ. ಅದೇ ಹೊತ್ತಿಗೆ ಅಂಚೆ ಕಚೇರಿಯ ಸಂಚಾರಿ ಸೇವೆ ಎರಡು ಗಂಟೆ ಮೂಲೆಯ ಮೇಜಿನಲ್ಲಿ ಕೂರುತ್ತದೆ, ಪಿಂಚಣಿ ತೆಗೆಯಲು ಬಂದವರು ಸೂಪ್‌ಗೆ ಉಳಿಯುತ್ತಾರೆ. ಕಿಟಕಿಯ ಪಕ್ಕ ಪುಸ್ತಕದ ಕಪಾಟು. ಒಂದು ಮೇಜಿನಲ್ಲಿ ಹೆಣಿಗೆ, ಇನ್ನೊಂದರಲ್ಲಿ ಡಾಮಿನೋ. ಮೂರು ಗಂಟೆಗೆ ಶಾಲಾ ಬಸ್ಸಿನಿಂದ ಇಳಿದ ಮಕ್ಕಳು ಬಿಸಿ ಚಾಕೊಲೇಟ್ ಕುಡಿದು ಅಮ್ಮಂದಿರಿಗೆ ಕಾಯುತ್ತಾರೆ. ಸಂಜೆ ಕ್ವಿಜ್, ತಿಂಗಳಿಗೊಮ್ಮೆ ಪಿಟೀಲು ಮತ್ತು ಅಕಾರ್ಡಿಯನ್ ತರುವವರ ಹಾಡುಗಳು. ಮಧ್ಯಾಹ್ನ ಬಂದವರಲ್ಲಿ ಅರ್ಧ ಜನ ಸಂಜೆಗೆ ಮತ್ತೆ ಬರುತ್ತಾರೆ. ಮೋರಿಗೆ ಸುರಿಯುವ ಏಲ್ ನನ್ನ ಪುಸ್ತಕದಲ್ಲಿ ಕಡಿಮೆಯಾದದ್ದು ಹೀಗೆ. ಹಗಲಿನ ಮಾರಾಟದಲ್ಲಿ ಈಗ ಚಹಾ ಕಾಫಿಗಳದ್ದೇ ಮೇಲುಗೈ.

ವರ್ಷಕ್ಕೆ ಎರಡು ಬಾರಿ ನಾನು ದೋಸೆ ಮಾಡುತ್ತೇನೆ. ನೆಲಮಾಳಿಗೆಯ ತಂಪು ಏಲ್‌ಗೆ ಹಿತ, ದೋಸೆ ಹಿಟ್ಟಿಗೆ ಶತ್ರು. ಹಿಟ್ಟನ್ನು ಮಹಡಿಯ ಮೇಲೆ ಬಾಯ್ಲರ್ ಇರುವ ಕಪಾಟಿನಲ್ಲಿ ಕಂಬಳಿ ಹೊದಿಸಿ ಒಂದೂವರೆ ದಿನ ಇಡುತ್ತೇನೆ. ಉಬ್ಬಿದ ಹಿಟ್ಟನ್ನು ನೋಡಲು ಪಬ್ ನಡೆಸುವ ದಂಪತಿ ಬಂದು ಮೂಸಿ, ಇದು ನಮ್ಮ ಕೆಲಸದಂಥದ್ದೇ ಎಂದು ಬಹಳ ಸಂತೋಷಪಟ್ಟರು.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸಾರಾಯಿ ಮನೆಗಳನ್ನು ಹೇಗೆ ತಿಂದಿತೆಂದು ನಾನು ಬಾಲ್ಯದಲ್ಲಿ ನೋಡಿದ್ದೇನೆ. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿದಾಗ ನಮ್ಮ ಓಣಿಯ ಹೆಂಗಸರು ನಿಟ್ಟುಸಿರು ಬಿಟ್ಟದ್ದು ನನಗೆ ಗೊತ್ತು. ಪಬ್ ಎಂದರೆ ಅರಳಿಕಟ್ಟೆ ಎಂದು ಸುಲಭವಾಗಿ ಹೇಳಿ ಆ ನೋವನ್ನು ಮರೆಸಲಾರೆ. ಇಲ್ಲಿಯೂ ಕುಡಿತದಿಂದ ಕೆಟ್ಟವರಿದ್ದಾರೆ. ಅಮಲೇರಿದವರಿಗೆ ಮತ್ತೆ ಕೊಡುವುದು ಇಲ್ಲಿಯ ಪರವಾನಗಿ ಕಾನೂನಿನಲ್ಲಿ ಅಪರಾಧ, ನಮ್ಮವರು ಅದನ್ನು ಬಿಗಿಯಾಗಿ ಪಾಲಿಸುತ್ತಾರೆ. ಒಬ್ಬರಿಗೆ ಏಲ್ ಕೊಡುವುದನ್ನು ನಿಲ್ಲಿಸಿ ಸೂಪ್ ಬಟ್ಟಲು ಕೊಟ್ಟು, ಮನೆಯವರೆಗೆ ನಡೆಸಿಕೊಂಡು ಹೋದದ್ದನ್ನು ಕಂಡಿದ್ದೇನೆ. ಒಬ್ಬನೇ ಮನೆಯಲ್ಲಿ ಬಾಟಲಿ ಹಿಡಿದು ಕೂತವನಿಗೆ ಹಾಗೆ ನಿಲ್ಲಿಸುವವರು ಯಾರು? ಈ ಪ್ರಶ್ನೆ ನನ್ನ ಅನುಮಾನವನ್ನು ಪೂರ್ತಿ ತೀರಿಸುವುದಿಲ್ಲ, ಆದರೆ ಸಮಿತಿಯಲ್ಲಿ ನನ್ನನ್ನು ಉಳಿಸಿದೆ.

ಕಳೆದ ತಿಂಗಳು ಒಬ್ಬ ಹಿರಿಯ ಕುರಿಗಾಹಿ ಷೇರು ಹಣ ಹಿಂಪಡೆಯುವ ಅರ್ಜಿ ಕೇಳಿಕೊಂಡು ಬಂದರು. ಅವರ ಕೊಟ್ಟಿಗೆಯ ಛಾವಣಿ ಗಾಳಿಗೆ ಹಾರಿಹೋಗಿತ್ತು. ಸಂಘದಲ್ಲಿ ಹಣವಿತ್ತು, ಕೊಟ್ಟೆವು. ಅರ್ಜಿ ತುಂಬುವಾಗ ಪೂರ್ತಿ ತೆಗೆದರೆ ಸದಸ್ಯತ್ವವೂ ಹೋಗುತ್ತದೆಯೇ ಎಂದು ಕೇಳಿದರು. ಹೌದು ಎಂದೆ. ಬರೆದ ಅಂಕಿಯನ್ನು ಹೊಡೆದುಹಾಕಿ, 50 ಪೌಂಡ್ ಉಳಿಸಿ ಮಿಕ್ಕದ್ದನ್ನು ಬರೆದರು. ಛಾವಣಿಗೆ ಅಷ್ಟು ಕಡಿಮೆ ಬಿದ್ದರೆ ಏನೋ ಹೊಂದಿಸಿಕೊಳ್ಳುತ್ತೇನೆ ಎಂದು ಪೆನ್ನು ಕೆಳಗಿಟ್ಟು, ಮುಂದಿನ ಮಂಗಳವಾರದ ಸೂಪ್‌ಗೆ ತಮ್ಮ ಹಿತ್ತಲಿನ ಲೀಕ್ಸ್ ತರಕಾರಿ ತರುವುದಾಗಿ ಹೇಳಿ ಹೋದರು.