ಮಿಸ್ಟಿಯನ್ನು ಸೋಲಿಸುವುದು ಹೇಗೆ: ಮೊದಲು ಅವಳ ಸ್ಟಾರ್ಮಿಯನ್ನು ಮಲಗಿಸಿ

ಹೋದ ತಿಂಗಳು ಹಾಸನಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಈಗ ಆರನೇ ಕ್ಲಾಸು. ನನ್ನ ಹಳೇ ಗೇಮ್ ಬಾಯ್ ಅಡ್ವಾನ್ಸ್ ಈಗ ಅವನ ಹತ್ತಿರ ಇದೆ, ಅದರಲ್ಲಿ ಪೋಕೆಮಾನ್ ಫೈರ್‌ರೆಡ್ ಆಡುತ್ತಿದ್ದಾನೆ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, "ಮಾಮ, ಮಿಸ್ಟಿ ಹತ್ರ ಎಂಟು ಸಲ ಸೋತೆ, ಏನ್ ಮಾಡ್ಲಿ?" ಅಂದ. ಅವನ ತಂಡ ನೋಡಿದೆ. 24ನೇ ಲೆವೆಲ್‌ನ, ಬೆಂಕಿ ಟೈಪ್‌ನ ಚಾರ್‌ಮೀಲಿಯನ್ ಒಂದು, ಉಳಿದವೆಲ್ಲ ಹತ್ತರ ಆಸುಪಾಸು. ನನಗೆ ತಕ್ಷಣ ಮೂಡಿಗೆರೆಯ ನಮ್ಮ ಮನೆ ನೆನಪಾಯಿತು. ಜುಲೈ ತಿಂಗಳು, ಹೊರಗೆ ಬಿಡದ ಮಳೆ, ಕರೆಂಟ್ ಇಲ್ಲ, ನಾನು ಕಿಟಕಿ ಪಕ್ಕ ಕೂತು ಇದೇ ಚಾರ್‌ಮೀಲಿಯನ್ ಹಿಡಿದುಕೊಂಡು ಇದೇ ಮಿಸ್ಟಿಯ ಕೈಯಲ್ಲಿ ದಿನಗಟ್ಟಲೆ ಸೋತಿದ್ದೆ. ಆಗ ಹೇಳಿಕೊಡುವವರು ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಕೂತು ಪೂರ್ತಿ ಬರೆಯುತ್ತಿದ್ದೇನೆ.

ಮಿಸ್ಟಿ ಆಟದೊಳಗಿನ ಸೆರೂಲಿಯನ್ ಊರಿನ ಜಿಮ್ ಲೀಡರ್, ಅಂದರೆ ಸೋಲಿಸಿದರೆ ಬ್ಯಾಡ್ಜ್ ಕೊಡುವವಳು. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟಗಳಿಂದಲೂ ಇದ್ದಾಳೆ. ಆಮೇಲೆ ಯೆಲ್ಲೋ, 1999ರ ಗೋಲ್ಡ್ ಮತ್ತು ಸಿಲ್ವರ್, 2004ರ ಫೈರ್‌ರೆಡ್ ಮತ್ತು ಲೀಫ್‌ಗ್ರೀನ್, 2009ರ ಹಾರ್ಟ್‌ಗೋಲ್ಡ್ ಮತ್ತು ಸೋಲ್‌ಸಿಲ್ವರ್, 2018ರ ಲೆಟ್ಸ್ ಗೋ, ಎಲ್ಲದರಲ್ಲೂ ಬರುತ್ತಾಳೆ. ಎಲ್ಲ ಕಡೆ ನೀರಿನ ಟೈಪ್. ಎಲ್ಲ ಕಡೆ ಅವಳ ಕೊನೆಯ ಆಸರೆ ಸ್ಟಾರ್ಮಿ. ಆದರೆ ಒಂದು ಆಟದಲ್ಲಿ ಕೆಲಸ ಮಾಡಿದ ಉಪಾಯವನ್ನೇ ಇನ್ನೊಂದರಲ್ಲಿ ಕಣ್ಣು ಮುಚ್ಚಿ ಬಳಸಿದರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಫೈರ್‌ರೆಡ್, ಲೀಫ್‌ಗ್ರೀನ್. ಮಿಸ್ಟಿ ನಿಜಕ್ಕೂ ಕಷ್ಟ ಕೊಡುವುದು ಇಲ್ಲೇ. ಅವಳ ಹತ್ತಿರ ಇರುವುದು ಎರಡೇ ಪೋಕೆಮಾನ್, 18ನೇ ಲೆವೆಲ್‌ನ ಸ್ಟಾರ್ಯು, 21ನೇ ಲೆವೆಲ್‌ನ ಸ್ಟಾರ್ಮಿ. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಸ್ಟಾರ್ಮಿಯ ಮೂಲ ವೇಗ 115. ನಿಮ್ಮ ಚಾರ್‌ಮೀಲಿಯನ್‌ಗೆ 80, ಪಿಕಾಚುಗೆ 90. ಅಂದರೆ ಈ ಹಂತದಲ್ಲಿ ನಿಮ್ಮ ಹತ್ತಿರ ಇರುವ ಹೆಚ್ಚುಕಡಿಮೆ ಎಲ್ಲದಕ್ಕಿಂತ ಮೊದಲು ಹೊಡೆಯುವುದು ಅದೇ. ಹೊಡೆಯುವುದು ವಾಟರ್ ಪಲ್ಸ್‌ನಿಂದ. ಅದರ ಬಲ 60, ನೀರಿನ ಪೋಕೆಮಾನ್ ನೀರಿನ ಮೂವ್ ಬಳಸಿದ್ದಕ್ಕೆ ಒಂದೂವರೆ ಪಟ್ಟು, ಎದುರಿಗೆ ಬೆಂಕಿ ಟೈಪ್ ಇದ್ದರೆ ಅದರ ಮೇಲೆ ಇನ್ನೂ ಎರಡು ಪಟ್ಟು. ಜೊತೆಗೆ ಐದರಲ್ಲಿ ಒಂದು ಸಲ ತಲೆ ಕೆಡಿಸುತ್ತದೆ, ಆಗ ನಿಮ್ಮ ಪೋಕೆಮಾನ್ ತನಗೆ ತಾನೇ ಹೊಡೆದುಕೊಳ್ಳಲು ಶುರು ಮಾಡುತ್ತದೆ. ಇಷ್ಟು ಸಾಲದು ಅಂತ ರಿಕವರ್ ಬೇರೆ ಇದೆ. ನೀವು ಮೂರು ಟರ್ನ್ ಕಷ್ಟಪಟ್ಟು ಇಳಿಸಿದ ಜೀವವನ್ನು ಅದು ಒಂದೇ ಟರ್ನ್‌ನಲ್ಲಿ ಅರ್ಧದಷ್ಟು ತುಂಬಿಸಿಕೊಳ್ಳುತ್ತದೆ.

ಹಾಗಾಗಿ ಸಣ್ಣ ಸಣ್ಣ ಏಟಿನಿಂದ ಸ್ಟಾರ್ಮಿ ಸಾಯುವುದಿಲ್ಲ. ಸುಮ್ನೆ ಲೆವೆಲ್ ಏರಿಸುತ್ತಾ ಹುಲ್ಲಲ್ಲಿ ಓಡಾಡಿದರೂ ಅಷ್ಟೇ. ಅವಳ ಕೈಯಿಂದ ಟರ್ನ್ ಕಿತ್ತುಕೊಳ್ಳಬೇಕು. ಸ್ಟಾರ್ಮಿ ನಿದ್ದೆ ಮಾಡುತ್ತಿದ್ದರೆ ವಾಟರ್ ಪಲ್ಸೂ ಇಲ್ಲ, ರಿಕವರೂ ಇಲ್ಲ.

ಮಲಗಿಸಲು ನನ್ನ ಮೊದಲ ಆಯ್ಕೆ ಬಟರ್‌ಫ್ರೀ. ವಿರಿಡಿಯನ್ ಕಾಡಿನಲ್ಲಿ ಕ್ಯಾಟರ್ಪಿ ಸಿಗುತ್ತದೆ. 7ನೇ ಲೆವೆಲ್‌ಗೆ ಗೂಡು ಕಟ್ಟುತ್ತದೆ, 10ಕ್ಕೆ ಚಿಟ್ಟೆ, ಅಂದರೆ ಬಟರ್‌ಫ್ರೀ ಆಗುತ್ತದೆ, 15ಕ್ಕೆ ಮಲಗಿಸುವ ಪುಡಿ ಸ್ಲೀಪ್ ಪೌಡರ್ ಕಲಿಯುತ್ತದೆ. ಸಾಮಾನ್ಯವಾಗಿ ಸ್ಲೀಪ್ ಪೌಡರ್ ನೂರಕ್ಕೆ 75 ಸಲ ಮಾತ್ರ ತಗುಲುತ್ತದೆ, ಆದರೆ ಬಟರ್‌ಫ್ರೀಗೆ ಕಾಂಪೌಂಡ್ ಐಸ್ ಅನ್ನುವ ಗುಣ ಇರುವುದರಿಂದ ಅದು 97ರ ಮೇಲೆ ಹೋಗುತ್ತದೆ, ಅಂದರೆ ತಪ್ಪುವುದೇ ಅಪರೂಪ. ತುಂಬಾ ಜನ ಈ ಚಿಟ್ಟೆಯನ್ನು ಮೊದಲ ಜಿಮ್ ಲೀಡರ್ ಬ್ರಾಕ್ ಆದ ಮೇಲೆ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಕಬೇಡಿ.

ಹೊಡೆಯುವ ಕೆಲಸಕ್ಕೆ ಎಲೆ ಟೈಪ್ ಅಥವಾ ಕರೆಂಟ್ ಟೈಪ್ ಬೇಕು, ನೀರಿಗೆ ಜೋರಾಗಿ ತಗುಲುವುದು ಅವೇ. ಸೆರೂಲಿಯನ್‌ನಿಂದ ಉತ್ತರಕ್ಕೆ ಹೋದರೆ 24ನೇ ರೂಟ್. ಅಲ್ಲಿನ ಸೇತುವೆ ಮೇಲೆ ಐದು ಜನ ಒಬ್ಬರಾದ ಮೇಲೊಬ್ಬರು ನಿಂತಿರುತ್ತಾರೆ, ದಾಟಿದರೆ ಹುಲ್ಲಿನಲ್ಲಿ ಫೈರ್‌ರೆಡ್‌ನಲ್ಲಿ ಆಡಿಶ್, ಲೀಫ್‌ಗ್ರೀನ್‌ನಲ್ಲಿ ಬೆಲ್‌ಸ್ಪ್ರೌಟ್ ಸಿಗುತ್ತದೆ. ಬೆಲ್‌ಸ್ಪ್ರೌಟ್ ಸಿಕ್ಕವರು ಅದೃಷ್ಟವಂತರು. ಅದು 15ಕ್ಕೇ ಸ್ಲೀಪ್ ಪೌಡರ್ ಕಲಿಯುತ್ತದೆ, ವೈನ್ ವಿಪ್ ಅನ್ನುವ ಎಲೆ ಏಟು ಮೊದಲಿನಿಂದಲೇ ಇರುತ್ತದೆ, ಮಲಗಿಸುವುದೂ ಅದೇ, ಹೊಡೆಯುವುದೂ ಅದೇ. ಆಡಿಶ್‌ನ ಅಬ್ಸಾರ್ಬ್ ಬಲ ಬರೀ 20, ಮತ್ತು ಸ್ಲೀಪ್ ಪೌಡರ್ 18ಕ್ಕೆ ಬರುತ್ತದೆ, ಹಾಗಾಗಿ ಫೈರ್‌ರೆಡ್ ಆಡುವವರು ಸ್ವಲ್ಪ ಹೊತ್ತು ಬೆಳೆಸಬೇಕು. ಪಿಕಾಚು ಇದ್ದರೆ ಇನ್ನೂ ಒಳ್ಳೆಯದು. ವಿರಿಡಿಯನ್ ಕಾಡಿನಲ್ಲಿ ಅಪರೂಪಕ್ಕೆ ಸಿಗುತ್ತದೆ, ತಾಳ್ಮೆ ಬೇಕು. 8ಕ್ಕೆ ಥಂಡರ್ ವೇವ್ ಕಲಿಯುತ್ತದೆ, ಅದು ತಗುಲಿದರೆ ಸ್ಟಾರ್ಮಿಯ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅಲ್ಲಿಂದಾಚೆ ಮೊದಲು ಹೊಡೆಯುವವರು ನೀವು.

ಸ್ಟಾರ್ಟರ್, ಅಂದರೆ ಆಟದ ಶುರುವಿನಲ್ಲಿ ಸಿಗುವ ಪೋಕೆಮಾನ್ ಆಗಿ ಬಲ್ಬಸಾರ್ ತೆಗೆದುಕೊಂಡವರಿಗೆ ಇಷ್ಟೆಲ್ಲ ಬೇಡ. 16ಕ್ಕೆ ಐವಿಸಾರ್ ಆಗುತ್ತದೆ, ವೈನ್ ವಿಪ್ ಸಾಕು. ಸ್ಟಾರ್ಮಿ ಸೈಕಿಕ್ ಟೈಪ್ ಕೂಡ ಹೌದು, ಐವಿಸಾರ್ ವಿಷದ ಟೈಪ್ ಕೂಡ, ಅದಕ್ಕೆ ಅಪಾಯ ಅಲ್ವಾ ಅಂತ ಕೆಲವರು ಹೆದರುತ್ತಾರೆ. ಇಲ್ಲಿ ಅದರ ಹತ್ತಿರ ಸೈಕಿಕ್ ಮೂವ್ ಒಂದೂ ಇಲ್ಲ, ಧೈರ್ಯವಾಗಿ ಹೋಗಿ. ಒಂದೇ ಎಚ್ಚರಿಕೆ: ಲೀಚ್ ಸೀಡ್ ನಂಬಿಕೊಂಡು ಕೂರಬೇಡಿ. ಸ್ಟಾರ್ಮಿ ರಾಪಿಡ್ ಸ್ಪಿನ್ ಹೊಡೆದರೆ ಬೀಜ ಉದುರಿಹೋಗುತ್ತದೆ. ಸ್ಕ್ವರ್ಟಲ್ ಇದ್ದವರು ವಾರ್ಟಾರ್ಟಲ್ ಆದ ಮೇಲೆ 19ರವರೆಗೆ ಕಾಯಿರಿ. ಆಗ ಬೈಟ್ ಬರುತ್ತದೆ, ಅದು ಡಾರ್ಕ್ ಟೈಪ್, ಸೈಕಿಕ್ ಆದ ಸ್ಟಾರ್ಮಿಗೆ ಎರಡು ಪಟ್ಟು ನೋವು. ಅವಳ ನೀರು ನಿಮಗೆ ಅರ್ಧ ಮಾತ್ರ ತಗುಲುತ್ತದೆ. ನಿಧಾನ ಆದರೂ ಗೆಲ್ಲುತ್ತೀರಿ.

ಚಾರ್‌ಮ್ಯಾಂಡರ್ (ಚಾರ್‌ಮೀಲಿಯನ್‌ನ ಮೊದಲ ರೂಪ) ಇದ್ದವರು, ಅಂದರೆ ನನ್ನಂಥವರು, ನನ್ನ ಅಳಿಯನಂಥವರು, ಅದನ್ನು ಈ ಜಿಮ್‌ನಲ್ಲಿ ಹಿಂದೆ ಕೂರಿಸಿ. ಪ್ರೀತಿಯಿಂದ ಬೆಳೆಸಿದ್ದನ್ನು ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಅದನ್ನೇ ಮುಂದೆ ತಳ್ಳಿ ಪ್ರತಿ ಸಲ ಸಾಯಿಸುವುದಕ್ಕಿಂತ ಇದು ವಾಸಿ. ಇನ್ನೊಂದು ವಿಷಯ, ಮಿಸ್ಟಿಯನ್ನು ತಕ್ಷಣ ಎದುರಿಸಲೇಬೇಕು ಅಂತೇನೂ ಇಲ್ಲ. ಮೊದಲು ಸೇತುವೆ ದಾಟಿ 25ನೇ ರೂಟ್‌ನ ಕೊನೆಯಲ್ಲಿರುವ ಬಿಲ್ ಮನೆಗೆ ಹೋಗಿ ಬನ್ನಿ. ದಾರಿಯುದ್ದಕ್ಕೂ ಟ್ರೈನರ್‌ಗಳಿದ್ದಾರೆ, ವಾಪಸ್ ಬರುವ ಹೊತ್ತಿಗೆ ತಂಡ ತಾನಾಗಿ ಬೆಳೆದಿರುತ್ತದೆ. ಆಮೇಲೆ ಜಿಮ್ ಒಳಗಿನ ಇಬ್ಬರನ್ನು ಮುಗಿಸಿ, ಹೊರಗೆ ಬಂದು ಸೆಂಟರ್‌ನಲ್ಲಿ ಎಲ್ಲವನ್ನೂ ಗುಣ ಮಾಡಿಸಿ, ಸೇವ್ ಮಾಡಿ, ಆಮೇಲೆ ಮಿಸ್ಟಿ.

ಆಟ ನಡೆಯುವುದು ಹೀಗೆ. ಸ್ಟಾರ್ಯು ಮುಂದೆ ಬಂದಾಗ ಹೊಡೆಯುವವರನ್ನೇ ಕಳಿಸಿ, ಬಟರ್‌ಫ್ರೀಯನ್ನು ಬಳಸಬೇಡಿ. ಅದಕ್ಕೆ ಪೂರ್ತಿ ಜೀವ ಇರಬೇಕು. ಸ್ಟಾರ್ಯು ಬಿದ್ದ ಕೂಡಲೇ ಆಟ ನಿಮ್ಮನ್ನು ಕೇಳುತ್ತದೆ, ಮಿಸ್ಟಿ ಸ್ಟಾರ್ಮಿ ಬಿಡುತ್ತಿದ್ದಾಳೆ, ನೀವೂ ಬದಲಿಸುತ್ತೀರಾ ಅಂತ. ಅಲ್ಲಿ ಹೌದು ಅನ್ನಿ, ಬಟರ್‌ಫ್ರೀ ಬಿಡಿ. ಹೀಗೆ ಬದಲಿಸಿದರೆ ಟರ್ನ್ ಖರ್ಚಾಗುವುದಿಲ್ಲ. ಸ್ಟಾರ್ಮಿ ಒಂದು ಏಟು ಕೊಡುತ್ತದೆ, ಚಿಟ್ಟೆ ಅಷ್ಟನ್ನು ತಡೆದುಕೊಳ್ಳುತ್ತದೆ, ಪುಡಿ ಎರಚುತ್ತದೆ. ಮಲಗಿತು. ಈಗ ನಿಮ್ಮ ಎಲೆ ಅಥವಾ ಕರೆಂಟ್ ಪೋಕೆಮಾನ್ ತಂದು ಹೊಡೆಯುತ್ತಾ ಹೋಗಿ. ಎಷ್ಟು ಟರ್ನ್ ಮಲಗಿರುತ್ತದೆ ಅನ್ನುವುದು ಪ್ರತಿ ಸಲ ಬೇರೆ, ಹಾಗಾಗಿ ಆ ಹೊತ್ತನ್ನು ಪೋಷನ್ ಕುಡಿಸಲು ಖರ್ಚು ಮಾಡಬೇಡಿ, ಹೊಡೆಯಿರಿ. ಎದ್ದರೆ ಮತ್ತೆ ಚಿಟ್ಟೆ. ನಡುವೆ ನಿಮ್ಮ ಪೋಕೆಮಾನ್‌ಗೆ ತಲೆ ಕೆಟ್ಟರೆ ಒಳಗೆ ಕರೆದು ಬೇರೆ ಬಿಡಿ, ಒಳಗೆ ಹೋದ ಕೂಡಲೇ ಅದು ಸರಿಹೋಗುತ್ತದೆ.

ಹಳೆಯ ರೆಡ್, ಬ್ಲೂ ಆಡುವವರಿಗೆ ಕೆಲಸ ಸುಲಭ. ಲೆವೆಲ್ ಅದೇ 18, 21, ಆದರೆ ಅಲ್ಲಿ ಸ್ಟಾರ್ಮಿಗೆ ರಿಕವರ್ ಇಲ್ಲ, ವಾಟರ್ ಪಲ್ಸ್ ಬದಲು ಬಬಲ್‌ಬೀಮ್ ಇದೆ. ಬೈಟ್ ಅಲ್ಲಿ ಸಾಮಾನ್ಯ ಟೈಪ್, ಅದನ್ನು ನಂಬಬೇಡಿ. ಯೆಲ್ಲೋದಲ್ಲಿ ಪಿಕಾಚು ಕೈಯಲ್ಲೇ ಇರುತ್ತದೆ, ಜೊತೆಗೆ ಪಿಕಾಚು ನಿಮ್ಮ ಜೊತೆ ಖುಷಿಯಾಗಿದ್ದರೆ ಸೆರೂಲಿಯನ್ ಸೆಂಟರ್ ಪಕ್ಕದ ಮನೆಯಲ್ಲಿ ಬಲ್ಬಸಾರ್ ಕೊಡುತ್ತಾರೆ. ಇನ್ನೇನು ಬೇಕು?

ಈಗ ಗೋಲ್ಡ್, ಸಿಲ್ವರ್. ಪಿಕಾಚು ಇದ್ದರೆ ಮಿಸ್ಟಿ ಮುಗಿದಳು ಅಂತ ಕಲಿತು ಬಂದವರು ಎಡವುವುದು ಇಲ್ಲಿ. ಮೊದಲು ಅವಳು ಜಿಮ್‌ನಲ್ಲೇ ಇರುವುದಿಲ್ಲ. ಪವರ್ ಪ್ಲಾಂಟ್‌ನ ಯಂತ್ರದ ಭಾಗ ಕಳುವಾದ ಕಥೆ ಶುರುವಾದ ಮೇಲೆ ಜಿಮ್‌ಗೆ ಹೋದರೆ ಒಬ್ಬ ಟೀಮ್ ರಾಕೆಟ್ ಅನ್ನುವ ಕಳ್ಳರ ಗುಂಪಿನವನು ಓಡಿಹೋಗುತ್ತಾನೆ. ಅವನನ್ನು ಉತ್ತರದ ಸೇತುವೆ ಹತ್ತಿರ ಹಿಡಿದು ಸೋಲಿಸಿ, ಅಲ್ಲಿಂದ ವಾಪಸ್ ಬರದೆ 25ನೇ ರೂಟ್‌ಗೆ ನಡೆಯಿರಿ. ಅಲ್ಲಿ ಮಿಸ್ಟಿ ಒಬ್ಬ ಹುಡುಗನ ಜೊತೆ ನಿಂತಿರುತ್ತಾಳೆ, ನೀವು ಹೋದ ಕೂಡಲೇ ಅವನು ಜಾಗ ಖಾಲಿ ಮಾಡುತ್ತಾನೆ, ಅವಳು ಸಿಟ್ಟಿನಲ್ಲೇ ಜಿಮ್‌ಗೆ ಮರಳುತ್ತಾಳೆ. ಕಳುವಾದ ಭಾಗ ಇರುವುದು ಜಿಮ್‌ನ ನೀರಿನಲ್ಲೇ, ಅದನ್ನು ಮರೆಯಬೇಡಿ.

ಅವಳ ತಂಡ ಈಗ ನಾಲ್ಕು: 42ನೇ ಲೆವೆಲ್‌ನ ಗೋಲ್ಡಕ್, 42ರ ಕ್ವಾಗ್‌ಸೈರ್, 44ರ ಲ್ಯಾಪ್ರಸ್, 47ರ ಸ್ಟಾರ್ಮಿ. ನಿಮ್ಮ ಕರೆಂಟ್ ಟೈಪ್‌ನ ಆಂಫರೋಸ್ ಮೂರನ್ನು ಸುಲಭವಾಗಿ ಹೊಡೆಯುತ್ತದೆ. ಕ್ವಾಗ್‌ಸೈರ್‌ಗೆ ಮಾತ್ರ ಕರೆಂಟ್ ತಗುಲುವುದೇ ಇಲ್ಲ, ಏಕೆಂದರೆ ಅದು ನೀರು ಮತ್ತು ಮಣ್ಣು ಎರಡೂ. ನಮ್ಮ ಕಡೆ ಏಪ್ರಿಲ್ ಗುಡುಗಿಗೆ ಟಿವಿ, ಮೋಟಾರು ಸುಟ್ಟುಹೋದ ಮೇಲೆ ಮನೆ ಪಕ್ಕ ಗುಂಡಿ ತೋಡಿ, ಉಪ್ಪು, ಇದ್ದಿಲು ತುಂಬಿಸಿ ಅರ್ಥಿಂಗ್ ಮಾಡಿಸುತ್ತಾರಲ್ಲ, ಕ್ವಾಗ್‌ಸೈರ್ ಅಂದರೆ ಆ ಗುಂಡಿಯೇ. ಎಷ್ಟು ಕರೆಂಟ್ ಬಿಟ್ಟರೂ ನೆಲಕ್ಕೆ ಹೋಗುತ್ತದೆ. ಮೇಲಿಂದ ಅದು ಅರ್ಥ್‌ಕ್ವೇಕ್ ಹೊಡೆದರೆ ಆಂಫರೋಸ್ ಉಳಿಯುವುದು ಕಷ್ಟ. ಇದಕ್ಕೆ ಎಲೆ ಟೈಪ್ ತನ್ನಿ, ನಾಲ್ಕು ಪಟ್ಟು ತಗುಲುತ್ತದೆ, ಮೆಗಾನಿಯಂನ ಒಂದು ರೇಜರ್ ಲೀಫ್ ಸಾಕು. ಎಲೆ ಪೋಕೆಮಾನ್‌ಗೆ ಒಳ್ಳೆಯ ಮೂವ್ ಇಲ್ಲದಿದ್ದರೆ ಮೊದಲು ಸೆಲಡನ್‌ನ ಎರಿಕಾಳನ್ನು ಗೆಲ್ಲಿ, ಅವಳು ಗೀಗಾ ಡ್ರೈನ್ ಅನ್ನುವ ಎಲೆ ಮೂವ್ ಕಲಿಸುವ ಟಿಎಂ ಕೊಡುತ್ತಾಳೆ. ಆದರೆ ಕ್ವಾಗ್‌ಸೈರ್ ಬಿದ್ದ ಕೂಡಲೇ ಎಲೆಯನ್ನು ಒಳಗೆ ಕರೆಯಿರಿ. ಲ್ಯಾಪ್ರಸ್ ಹತ್ತಿರ ಬ್ಲಿಜರ್ಡ್ ಇದೆ, ಸ್ಟಾರ್ಮಿ ಹತ್ತಿರ ಐಸ್ ಬೀಮ್ ಇದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಕ್ವಾಗ್‌ಸೈರ್, ಲ್ಯಾಪ್ರಸ್ ಎರಡೂ ರೇನ್ ಡಾನ್ಸ್ ಮಾಡಿ ಮಳೆ ತರಿಸುತ್ತವೆ. ಮಳೆಯಲ್ಲಿ ಅವಳ ಸರ್ಫ್ ಒಂದೂವರೆ ಪಟ್ಟು ಜಾಸ್ತಿ ಆಗುತ್ತದೆ, ನೋಡಿದರೆ ಭಯವಾಗುತ್ತದೆ. ಆದರೆ ನಿಮ್ಮ ಹತ್ತಿರ ಥಂಡರ್ ಇದ್ದರೆ, ಸಾಮಾನ್ಯವಾಗಿ ನೂರಕ್ಕೆ 70 ಸಲ ಮಾತ್ರ ತಗುಲುವ ಆ ಮೂವ್ ಮಳೆಯಲ್ಲಿ ತಪ್ಪುವುದೇ ಇಲ್ಲ. ಅವಳು ತರಿಸಿದ ಮಳೆಯಲ್ಲೇ ಅವಳಿಗೆ ಸಿಡಿಲು. ಲ್ಯಾಪ್ರಸ್ ಪೆರಿಷ್ ಸಾಂಗ್ (ಕೆಲವು ಟರ್ನ್ ಎಣಿಸಿ ಕೇಳಿದವರನ್ನು ಬೀಳಿಸುವ ಹಾಡು) ಹಾಡಿದರೆ ಗಾಬರಿ ಬೇಡ, ಎಣಿಕೆ ಮುಗಿಯುವ ಮೊದಲು ಪೋಕೆಮಾನ್ ಬದಲಿಸಿದರೆ ಆಯಿತು.

ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್‌ನಲ್ಲೂ ಇದೇ ನಾಲ್ಕು, ಲೆವೆಲ್ ಮಾತ್ರ 49, 49, 52, 54. ಲೆಟ್ಸ್ ಗೋದಲ್ಲಿ ಸ್ಟಾರ್ಯು ಬದಲು ಸೈಡಕ್ ಬರುತ್ತದೆ. ಅಲ್ಲಿ ಈವೀ ಆವೃತ್ತಿ ಆಡುವವರು ಸೆರೂಲಿಯನ್ ಸೆಂಟರ್‌ನಲ್ಲಿ ಬಜಿ ಬಜ್ ಕಲಿಸಿಕೊಳ್ಳಿ, ಅದು ಕರೆಂಟ್ ಏಟು, ತಗುಲಿದರೆ ಎದುರಿನವರಿಗೆ ಲಕ್ವ ಹೊಡೆಯುವುದೂ ಖಂಡಿತ. 30 ಪೋಕೆಮಾನ್ ಹಿಡಿದಿದ್ದರೆ ಅದೇ ಊರಿನಲ್ಲಿ ಬಲ್ಬಸಾರ್ ಕೂಡ ಕೊಡುತ್ತಾರೆ.

ಅಕ್ಕನ ಮಗ ಆ ದಿನ ಸಂಜೆಯೇ ಕಾಡಿಗೆ ಹೋಗಿ ಕ್ಯಾಟರ್ಪಿ ಹಿಡಿದ, ಒಂದು ಆಡಿಶ್ ಕೂಡ. ನಾನು ಚಿಕ್ಕಮಗಳೂರಿನ ಬಸ್ಸು ಹತ್ತಿ ಬಂದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿ, "ಮಾಮ, ಎರಡು ಸಲ ಮಲಗಿಸ್ದೆ, ಗೆದ್ದೆ!" ಅಂತ ಕೂಗಿದ. ಬ್ಯಾಡ್ಜ್ ಬಂತು, ಇನ್ನು ಕಟ್ ಸಿಕ್ಕಿದರೆ ಮರ ಕಡಿಯಬಹುದು ಅಂತ ಅವನಿಗೆ ಆಗಲೇ ಗೊತ್ತಿತ್ತು. ಮುಂದಿನ ಊರು ವರ್ಮಿಲಿಯನ್, ಅಲ್ಲಿ ಲೆಫ್ಟಿನೆಂಟ್ ಸರ್ಜ್, ಎಲ್ಲಾ ಕರೆಂಟ್ ಟೈಪ್. ಏನು ಹಿಡಿಯಲಿ ಅಂದ. ಊರಿನ ಪೂರ್ವಕ್ಕೆ ಒಂದು ಗುಹೆ ಇದೆ, ಒಳಗೆ ಡಿಗ್ಲೆಟ್ ಸಿಗುತ್ತದೆ, ಅದೂ ಮಣ್ಣಿನದೇ ಅಂದೆ. "ಓ, ಅರ್ಥಿಂಗ್!" ಅಂದು ಫೋನ್ ಇಟ್ಟ.