ರೇಡಿಯೇಟರ್ ಹೋಸ್ ಜಗ್ಗಬೇಡಿ, ಸೀಳಿ ತೆಗೆಯಿರಿ
ಕಾರಿನ ರೇಡಿಯೇಟರ್ ಹೋಸ್, ಅಂದರೆ ಇಂಜಿನ್‌ಗೂ ರೇಡಿಯೇಟರ್‌ಗೂ ನಡುವಿನ ರಬ್ಬರ್ ಪೈಪ್, ಮನೆಯಲ್ಲೇ ಬದಲಿಸಬಹುದು, ಆದರೆ ಇಂಜಿನ್ ಪೂರ್ತಿ ತಣ್ಣಗಾಗಿರಲೇಬೇಕು. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಕುದಿಯುವ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಮುಖಕ್ಕೇ ಚಿಮ್ಮುತ್ತದೆ. ಕೂಲೆಂಟನ್ನು ನೆಲಕ್ಕೆ ಬಿಡಬೇಡಿ, ಪಾತ್ರೆಗೆ ಇಳಿಸಿಕೊಳ್ಳಿ, ಅದು ವಿಷ, ನಾಯಿ ಬೆಕ್ಕು ನೆಕ್ಕಿಬಿಟ್ಟರೆ ಕಷ್ಟ.

ಹಳೇ ಹೋಸ್ ಅಂಟಿಕೊಂಡಿದ್ದರೆ ಸುಮ್ನೆ ಜಗ್ಗಬೇಡಿ. ಈಗಿನ ರೇಡಿಯೇಟರ್‌ಗಳಲ್ಲಿ ಹೋಸ್ ಸಿಕ್ಕಿಸುವ ಮೂತಿ ಹೆಚ್ಚಾಗಿ ಪ್ಲಾಸ್ಟಿಕ್, ಅದು ಮುರಿದರೆ ರೇಡಿಯೇಟರೇ ಹೋಯಿತು. ಹೋಸನ್ನು ಬಿಗಿದಿಡುವ ಕ್ಲಾಂಪ್ ಸಡಿಲಿಸಿ ಹಿಂದಕ್ಕೆ ಸರಿಸಿ ಹೋಸನ್ನು ಮೆಲ್ಲಗೆ ತಿರುಗಿಸಿ ನೋಡಿ, ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಹೇಗೂ ಎಸೆಯುವುದೇ ಅಲ್ವಾ, ಬ್ಲೇಡ್ ಮಾತ್ರ ಮೂತಿಗೆ ತಾಗಬಾರದು. ಹೊಸದನ್ನು ಹಾಕುವಾಗ ಕ್ಲಾಂಪ್ ಮೂತಿಯ ಉಬ್ಬನ್ನು ದಾಟಿ ರೇಡಿಯೇಟರ್ ಕಡೆಗೆ ಕೂರಬೇಕು, ಇಲ್ಲವಾದರೆ ಒತ್ತಡಕ್ಕೆ ಹೋಸ್ ಕಳಚಿಕೊಳ್ಳುತ್ತದೆ.

ಆಮೇಲೆ ನಿಮ್ಮ ಕಾರಿಗೆ ಹೇಳಿರುವ ಕೂಲೆಂಟನ್ನೇ ತುಂಬಿ, ಹೀಟರ್ ಆನ್ ಮಾಡಿ ಇಂಜಿನ್ ಓಡಿಸಿ, ಒಳಗಿನ ಗಾಳಿ ಹೋಗಲಿ. ಮತ್ತೆ ತಣ್ಣಗಾದ ಮೇಲೆ ಮಟ್ಟ ನೋಡಿ, ಕಡಿಮೆಯಿದ್ದರೆ ಹಾಕಿ.